ಎರಡು ಎಂಬಿ ಮೀರಿದವರು

ನಮ್ಮೂರಿನಲ್ಲಿ ಸತ್ತವರಿಗೆ ಎರಡು ಎಂಬಿ ಜಾಗ. ಬಡವ ಬಲ್ಲಿದ, ಹಿರಿಯ ಕಿರಿಯ ಎಂಬ ಭೇದವಿಲ್ಲ, ಎಲ್ಲರಿಗೂ ಎರಡೇ. ಸತ್ತ ಹನ್ನೊಂದನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ನೂಲಿನ ಗಿರಣಿಯ ಭೋಂಗಾ ಕೂಗುತ್ತದೆ. ಅಷ್ಟರೊಳಗೆ ಮನೆಯವರು ಊರಿನ ವೆಬ್‌ಸೈಟಿಗೆ ಏನು ಏರಿಸಿರುತ್ತಾರೋ ಅಷ್ಟು ನೆನಪಿನಲ್ಲಿ ಉಳಿಯುತ್ತದೆ. ಏರಿಸದೆ ಬಿಟ್ಟದ್ದು ಭೋಂಗಾದ ಜೊತೆಗೇ ಹೋಗುತ್ತದೆ. ಏನೂ ಏರಿಸಲಾಗಲಿಲ್ಲ ಎಂದರೆ ಅಂಥ ಮನುಷ್ಯರೊಬ್ಬರು ಇದ್ದರೆಂಬುದೇ ಯಾರಿಗೂ ಗೊತ್ತಿರುವುದಿಲ್ಲ, ಹೆತ್ತವರಿಗೂ ಕೂಡ. ಇದರಲ್ಲಿ ಹೇಳಿಕೊಳ್ಳುವಂಥ ವಿಶೇಷವೇನೂ ಇಲ್ಲ. ಹಿಂದೆ ಕಲ್ಲಿನ ಮೇಲೆ ಕೆತ್ತಿಸುತ್ತಿದ್ದರಂತೆ, ಕಲ್ಲಿನಲ್ಲಿ ನಾಲ್ಕು ಸಾಲು ಹಿಡಿದರೆ ಹೆಚ್ಚು. ಹಾಗಾಗಿ ಎರಡು ಎಂಬಿ ಬಂದಾಗ ಊರಿನವರು ಪೇಡೆ ಹಂಚಿದ್ದರು.

ನನ್ನ ಅಪ್ಪ ನನ್ನ ಪಾಲಿಗೆ ಒಂದು ಫೋಟೋ ಮತ್ತು ನಲವತ್ತು ಸೆಕೆಂಡು. ಫೋಟೋದಲ್ಲಿ ಕರಿ ಟೊಪ್ಪಿಗೆ ಹಾಕಿಕೊಂಡು ಸ್ಕೂಟರಿಗೆ ಒರಗಿ ನಿಂತಿದ್ದಾನೆ. ನಲವತ್ತು ಸೆಕೆಂಡಿನಲ್ಲಿ ಬದನೆಕಾಯಿ ಎಣ್ಣೆಗಾಯಿಗೆ ಗುರೆಳ್ಳು ಪುಡಿ ಎಷ್ಟು ಹಾಕಬೇಕು ಎಂದು ಯಾರ ಜೊತೆಗೋ ವಾದಿಸುತ್ತಾನೆ. ನನ್ನನ್ನು ಏನೆಂದು ಕರೆಯುತ್ತಿದ್ದ, ಎತ್ತಿ ಆಡಿಸಿದ್ದನೋ, ಬಡಿದಿದ್ದನೋ, ಒಂದೂ ನನಗೆ ಗೊತ್ತಿಲ್ಲ. ಎಣ್ಣೆಗಾಯಿ ಮಾತ್ರ ಚೆನ್ನಾಗಿ ಮಾಡುತ್ತೇನೆ.

ಒಂಬತ್ತನೆಯ ದಿನವನ್ನು ನಾವು ಕತ್ತರಿ ದಿನ ಎನ್ನುತ್ತೇವೆ. ಬೀಗರು ನೆಂಟರು ಸೇರಿ ಸತ್ತವರ ಫೋಟೋ, ವಿಡಿಯೋ, ಧ್ವನಿ ಎಲ್ಲವನ್ನೂ ಮುಂದಿಟ್ಟುಕೊಂಡು ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂದು ತೀರ್ಮಾನಿಸುತ್ತಾರೆ. ಅಜ್ಜಿ ನಗುವುದು ಇರಲಿ ಎಂದು ಒಬ್ಬರು, ಬೈಯುವುದೇ ಆಕೆಯ ನಿಜವಾದ ದನಿ ಎಂದು ಇನ್ನೊಬ್ಬರು. ಒಂದು ಮನೆಯವರು ಬಿಡಲಾರದೆ ಅಜ್ಜನ ಧ್ವನಿಯನ್ನು ಹಿಂಡಿ ಹಿಂಡಿ ಚಿಕ್ಕದು ಮಾಡಿ ಏರಿಸಿದರು. ಈಗ ಅವರೆಲ್ಲರ ನೆನಪಿನಲ್ಲಿ ಅಜ್ಜ ಜೀವಮಾನವಿಡೀ ಕೊಡದೊಳಗಿಂದ ಮಾತಾಡಿದ್ದಾನೆ. ಜಗಳ ಹೊತ್ತಿಕೊಂಡರೆ ನನಗೆ ಕರೆ ಬರುತ್ತದೆ. ನಾನು ಹೋಗಿ ಕೂತರೆ ಎಂಥ ಮನುಷ್ಯನನ್ನೂ ಅರ್ಧ ತಾಸಿನಲ್ಲಿ ಎರಡು ಎಂಬಿಗೆ ಇಳಿಸಿಕೊಡುತ್ತೇನೆ. 'ಇಷ್ಟು ಸಾಕು ಬಿಡ್ರಿ' ಎಂಬುದು ನನ್ನ ಮಾತು, ನನ್ನ ಬೆನ್ನ ಹಿಂದೆ ಮಂದಿ ಅದನ್ನೇ ಹೇಳಿ ಅಣಕಿಸುತ್ತಾರೆ. ನನಗೆ ಅದರ ಬಗ್ಗೆ ಸ್ವಲ್ಪ ಜಂಬವೇ ಇತ್ತು, ಸುಳ್ಳೇಕೆ ಹೇಳಲಿ.

ಇನ್ನು, ಏರಿಸಲಾಗದೆ ಹೋದವರ ಸಾಮಾನು. ಮನುಷ್ಯರು ನೆನಪಿನಿಂದ ಹೋದರೂ ಅವರ ಸಾಮಾನು ಹೋಗುವುದಿಲ್ಲ. ಮನೆಯಲ್ಲಿ ಯಾರ ಕಾಲಿಗೂ ಆಗದ ಒಂದು ಜೋಡಿ ಚಪ್ಪಲಿ, ಯಾರೂ ಓದದ ಕಣ್ಣಿನ ಡಾಕ್ಟರ ಚೀಟಿ, ಒಂದು ಹೆಚ್ಚಿನ ತಾಟು. ಅಂಥವನ್ನೆಲ್ಲ ಇಡುವುದಕ್ಕೆ ಪ್ರತಿ ಮನೆಯಲ್ಲೂ ಒಂದು ಗೂಡು ಇರುತ್ತದೆ. ಯಾರದು ಎಂದು ಕೇಳಿದರೆ 'ಯಾರದೋ' ಎನ್ನಬೇಕು, ಕೇಳಿದವರು ಸುಮ್ಮನಾಗಬೇಕು. ಕೇಳದೆ ಇರುವುದು ಇನ್ನೂ ಮರ್ಯಾದೆ. ನನ್ನ ಮನೆಯ ಗೂಡಿನಲ್ಲಿ ಒಂದು ಹಸಿರು ಕೊಡೆ, ಎಡ ಹಿಮ್ಮಡಿ ಸವೆದ ಚಪ್ಪಲಿ, ಸ್ಟೀಲಿನ ಒಂದು ಲೋಟ ಇದ್ದವು. ಕೆಲಸದ ಕೋಣೆಯಲ್ಲಿ ಬಂದವರಿಗೆ ಚಹಾ ಕೊಡಲು ಇನ್ನೊಂದು ಲೋಟ ಬೇಕಾದಾಗ ಅದನ್ನೇ ಒಯ್ದು ಇಟ್ಟಿದ್ದೆ. ಯಾರದೋ ಲೋಟದಲ್ಲಿ ಚಹಾ ಕುಡಿದರೆ ದೋಷವೇನೂ ಇಲ್ಲ.

ನನ್ನ ಕೆಲಸದ ಕೋಣೆ ಎಂದರೆ ಊರ ಬಾಗಿಲಲ್ಲಿರುವ ಹಳೆಯ ಜಕಾತಿ ನಾಕಾ. ಒಂದು ಕಾಲಕ್ಕೆ ಗಾಡಿ ತಡೆದು ಮೂಟೆ ತೂಗುತ್ತಿದ್ದ ಜಾಗದಲ್ಲಿ ಈಗ ಊರಿನ ಸರ್ವರ್ ಇದೆ. ಹೊರಗಿನವರ ಯಂತ್ರದಲ್ಲಿ ಇಟ್ಟರೆ ಊರಿನ ನೆನಪಿಗೆ ಹತ್ತುವುದಿಲ್ಲ, ಹಾಗಾಗಿ ಸ್ವಂತದ್ದೇ. ಫೈಲನ್ನು ನಾನು ತಂದು ಒಳಗೆ ಇಟ್ಟುಬಿಟ್ಟರೂ ಹತ್ತುವುದಿಲ್ಲ. ಮನೆಯವರೇ ಸೈಟಿನ ಬಾಗಿಲಿಗೆ ಬಂದು ತಮ್ಮ ಬೆರಳಿನಿಂದ ಒತ್ತಿ ಕಳಿಸಬೇಕು. ಹನ್ನೆರಡು ವರ್ಷದ ಕೆಳಗೆ ಇದನ್ನೆಲ್ಲ ಕಟ್ಟಿದವರು ವಾಮನಮೂರ್ತಿ ಮಾಸ್ತರರು ಎಂದು ಗೋಡೆಯ ಫಲಕದಲ್ಲಿದೆ. ಅವರು ತೀರಿ ಒಂಬತ್ತು ವರ್ಷ. ಅವರ ಎರಡು ಎಂಬಿಯಲ್ಲಿ ಇರುವುದು ಕನ್ನಡಕ ಒರೆಸಿಕೊಳ್ಳುವ ಒಂದು ಚಿತ್ರ ಮತ್ತು ಒಂದೇ ಒಂದು ಮಾತು: "ತಾರಾ, ಸೆಟ್ಟಿಂಗಿಗೆ ಕೈ ಹಚ್ಚಬ್ಯಾಡ." ತಾರಾ ಎಂದರೆ ನಾನೇ, ತಾರಾಮತಿ. ಇಡೀ ಊರಿಗೆ ಮಾಸ್ತರರ ನೆನಪು ಅಷ್ಟೇ. ಒಂಬತ್ತು ವರ್ಷ ನಾನು ಕಸ ಹೊಡೆದೆ, ಯಂತ್ರದ ಫ್ಯಾನಿನ ಧೂಳು ತೆಗೆದೆ, ಕರೆಂಟು ಹೋದರೆ ಬ್ಯಾಟರಿ ನೋಡಿಕೊಂಡೆ. ಸೆಟ್ಟಿಂಗಿಗೆ ಮಾತ್ರ ಕೈ ಹಚ್ಚಲಿಲ್ಲ.

ಹೋದ ಗುರುವಾರ ಬೆಳಗ್ಗೆ ಒಂಬತ್ತಕ್ಕೆ ನಾನು ಬೀಗ ತೆಗೆಯುವ ಮೊದಲೇ ಸಿಂಪಿಗೇರ ಬಸಲಿಂಗಪ್ಪ ನಾಕಾದ ಕಟ್ಟೆಯ ಮೇಲೆ ಕೂತಿದ್ದರು. ಟೈಲರ್. ಕೊರಳಲ್ಲಿ ಟೇಪು ಹಾಗೇ ಇತ್ತು. ಅವರ ಹೆಂಡತಿ ನೀಲವ್ವ ತೀರಿ ಅಂದಿಗೆ ಹನ್ನೊಂದನೆಯ ದಿನ. ಮೂವತ್ತು ವರ್ಷಕ್ಕಿಂತ ಮೇಲೆ ಇಬ್ಬರೂ ಒಂದೇ ಅಂಗಡಿಯಲ್ಲಿ ಕೂತವರು. ಅವರು ಹೊಲಿಯುವುದು, ಆಕೆ ಕಾಜಾ ಹಾಕಿ ಗುಂಡಿ ಹಚ್ಚುವುದು. ಅವರ ಮನೆಯ ಕತ್ತರಿ ದಿನಕ್ಕೆ ನನ್ನನ್ನು ಕರೆದಿರಲಿಲ್ಲ. ಸಲೀಸಾಗಿ ಮುಗಿದಿರಬೇಕು ಎಂದುಕೊಂಡಿದ್ದೆ.

"ಬರ್ರಿ, ಕೂಡ್ರಿ. ಫೈಲು ಎಷ್ಟ್ ಐತಿ?" ಎಂದೆ.

"ಐವತ್ತೆಂಟು."

"ಎಂಬಿ?"

"ಫೋನ್ ಹಂಗ ಅಂತೈತ್ರಿ. ನನಗೇನ್ ಗೊತ್ತು?"

ನಾನು ನಕ್ಕೆ. ಅವರು ನಗಲಿಲ್ಲ. ಕೇಳಿದಾಗ ವಿಷಯ ಬಿಡಿಸಿ ಹೇಳಿದರು. ಎರಡು ತಿಂಗಳ ಹಿಂದೆ ಯಾರಿಗೋ ಅಳತೆ ಹೇಳಲು ಹೋಗಿ ಫೋನಿನ ರೆಕಾರ್ಡು ಒತ್ತಿ, ಹಾಗೇ ಹೊಲಿಗೆ ಯಂತ್ರದ ಹಲಗೆಯ ಮೇಲೆ ಮರೆತುಬಿಟ್ಟಿದ್ದರು. ಒಂದು ಮಧ್ಯಾಹ್ನದ ಎಪ್ಪತ್ತೊಂದು ನಿಮಿಷ ಅದರಲ್ಲಿ ಸಿಕ್ಕಿಕೊಂಡಿತ್ತು. ಅದರೊಳಗೆ ನೀಲವ್ವ ಮಾತಾಡುತ್ತಾಳೆ, ಸುಮ್ಮನಿರುತ್ತಾಳೆ, ಗಿರಾಕಿಯನ್ನು ಗದರಿಸುತ್ತಾಳೆ, ಮತ್ತೆ ಬಹಳ ಹೊತ್ತು ಸುಮ್ಮನಿರುತ್ತಾಳೆ.

"ಸುಮ್ಮನಿದ್ದದ್ದನ್ನ ತಗದಬಿಡೂಣು. ಛಲೋ ಛಲೋ ಎರಡ ನಿಮಿಷ ಆರಸೂಣು. ನಾ ಕೂತು ಮಾಡಿಕೊಡ್ತೀನಿ, ಚಿಂತೀ ಮಾಡಬ್ಯಾಡ್ರಿ."

"ಕತ್ತರಸೂದಿಲ್ರಿ ತಾರಕ್ಕಾರ."

"ಎಲ್ಲಾರೂ ಕತ್ತರಸ್ತಾರ."

"ನಾ ನಲವತ್ತ ವರ್ಷ ಕತ್ತರಸೀನಿ. ಅಂಗಿ ಬಿಗಿ ಆತಂದ್ರ ಹೊಲಿಗಿ ಬಿಚ್ಚತೀವಿ, ತೊಟ್ಟವನ ತೋಳ ಕತ್ತರಸೂದಿಲ್ಲ. ಆಕಿ ಸುಮ್ಮನ ಕೂತಾಗ ಉಸಿರ ಬಿಡೂದು ಕೇಳಸ್ತದ. ಅದನ್ನ ತಗದು ಏನ್ ಇಟ್ಕೊಳ್ಳಲಿ?"

ಕರುಣೆ ಬಂತು, ಸಿಟ್ಟೂ ಬಂತು. ಹಟ ಮಾಡಿದವರ ಗತಿ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಭೋಂಗಾ ಕೂಗಿದ ಮೇಲೆ ಇದೇ ಮನುಷ್ಯ ಇದೇ ಕಟ್ಟೆಯ ಮೇಲೆ ಕೂತು, ನಾನು ಇಲ್ಲಿಗೆ ಯಾಕೆ ಬಂದೆ ಎಂದು ತಲೆ ಕೆರೆದುಕೊಂಡು ಮನೆಗೆ ಹೋಗುತ್ತಾರೆ. ಅಂಗಡಿಯಲ್ಲಿ ಎರಡನೆಯ ಸ್ಟೂಲು ಯಾಕಿದೆ ಎಂದು ಒಂದು ಗಳಿಗೆ ನೋಡಿ, ಅದನ್ನು ಮೂಲೆಗೆ ಸರಿಸುತ್ತಾರೆ. ಸ್ವಲ್ಪ ಸಮಾಧಾನವಾಗಲಿ ಎಂದು ಚಹಾ ಮಾಡಿ ಕೊಟ್ಟೆ. ಬಟ್ಟೆಯ ಮೇಲಿನ ಚೀಟಿ ಓದುವ ಅಭ್ಯಾಸವೋ ಏನೋ, ಅವರು ಲೋಟ ತಿರುಗಿಸಿ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೆತ್ತಿದ್ದ ಹೆಸರು ಓದಿದರು.

"ಚಂಪಕ. ಯಾರ್ರಿ ಇದು?"

"ಯಾರದೋ," ಎಂದೆ. ಅವರು ಸುಮ್ಮನಾದರು.

ಮಾತು ಬದಲಿಸಲು, ನಿಯಮ ನನ್ನದಲ್ಲ ಎಂದು ತೋರಿಸಲು, ಮಾಸ್ತರರ ಪುಟ ತೆರೆದು ಅವರ ಧ್ವನಿ ಕೇಳಿಸಿದೆ. ತಾರಾ, ಸೆಟ್ಟಿಂಗಿಗೆ ಕೈ ಹಚ್ಚಬ್ಯಾಡ. ಬಸಲಿಂಗಪ್ಪ ಮತ್ತೊಮ್ಮೆ ಹಾಕ್ರಿ ಎಂದರು, ಹಾಕಿದೆ. ಮೂರನೆಯ ಸಲ ಕಿವಿಯನ್ನು ಸ್ಪೀಕರಿಗೆ ಹಚ್ಚಿ ಕೇಳಿದರು.

"ಈ ಮಾತು ಇಲ್ಲಿಗೆ ಮುಗದಿಲ್ರಿ. ತುದಿ ಮಡಚಿಲ್ಲ. ಬ್ಯಾಡ ಅಂದ ಮ್ಯಾಲೆ ದನಿ ಕೆಳಗ ಇಳೀಬೇಕಲ್ಲ? ಇಳದಿಲ್ಲ. ಮುಂದ ಏನೋ ಹೇಳಾಕ ಹೊಂಟಾರ, ಅಲ್ಲಿಗೇ ಯಾರೋ ಕತ್ತರಿ ಹಾಕ್ಯಾರ."

ನಾನು ಒಂಬತ್ತು ವರ್ಷ ದಿನವೂ ಕೇಳಿದ ಮಾತದು. ನಾಲ್ಕನೆಯ ಸಲ ಕೇಳಿದಾಗ ನನಗೂ ಕೇಳಿಸಿತು. ಕೊನೆಯ ಅಕ್ಷರ ಗಾಳಿಯಲ್ಲಿ ನಿಂತುಬಿಟ್ಟಿತ್ತು.

ಯಾಕೆ ಒಪ್ಪಿದೆನೋ ಗೊತ್ತಿಲ್ಲ. ಗಡಿಯಾರದಲ್ಲಿ ಒಂಬತ್ತೂಮುಕ್ಕಾಲು. ಸೆಟ್ಟಿಂಗಿನ ಕಡತ ಎಲ್ಲಿದೆ ಎಂದು ಹುಡುಕುವುದಕ್ಕೇ ಕಾಲು ತಾಸು ಬೇಕಾಯಿತು. ತೆರೆದೆ. ಮೈಲುದ್ದದ ಇಂಗ್ಲಿಷ್ ಸಾಲುಗಳ ನಡುವೆ, ಏರಿಸುವ ಫೈಲಿನ ಮಿತಿ ಎಂಬ ಅರ್ಥದ ಒಂದು ಸಾಲು, ಅದರ ಮುಂದೆ ಎರಡು ಎಂಬ ಅಂಕಿ. ಬೀಗವಿಲ್ಲ, ಕಾವಲಿಲ್ಲ. ಎರಡನ್ನು ಅಳಿಸಿ ಐನೂರು ಎಂದು ಬರೆದೆ. ಏನೂ ಆಗಲಿಲ್ಲ. ಫ್ಯಾನು ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ಸರ್ವರನ್ನು ಒಮ್ಮೆ ನಿಲ್ಲಿಸಿ ಮತ್ತೆ ಎಬ್ಬಿಸಿ, "ಒತ್ತರಿ," ಎಂದೆ. ಬಸಲಿಂಗಪ್ಪ ಫೋನಿನಲ್ಲಿ ಒತ್ತಿದರು. ಕೆಂಪು ಅಕ್ಷರ ಬಂತು: ಎರಡು ಎಂಬಿ ಮೀರಿದೆ.

"ಹೇಳಿಲ್ಲೇನು? ಇದು ಊರಿನ ಮಿತಿ. ಯಂತ್ರದ್ದಲ್ಲ," ಎಂದೆ. ನಿಜ ಹೇಳಬೇಕೆಂದರೆ ಆಗ ನನಗೆ ಹಾಯೆನಿಸಿತು. ಮಿತಿ ಬದಲಾಗುವಂಥದ್ದಲ್ಲ ಎಂದಾದರೆ ನಾನು ಇಷ್ಟು ವರ್ಷ ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು.

"ನೀವು ಬಿಚ್ಚಿದ್ದು ಇದ ಅಂಗೀದ ಹೊಲಿಗಿ ಹೌದೋ ಅಲ್ಲೋ ನೋಡ್ರಿ," ಎಂದರು ಅವರು. "ನಮ್ಮಲ್ಲೂ ಆಗ್ತದ. ಎರಡ ಅಂಗಿ ಒಂದ ಬಣ್ಣದ್ದು ಇರ್ತಾವ. ಒಬ್ಬಂದು ಬಿಚ್ಚಬೇಕಂದ್ರ ಇನ್ನೊಬ್ಬಂದು ಬಿಚ್ಚಿ ಕೂತಿರ್ತೀವಿ."

ನೀನು ಯಾವ ಕಡತ ಓದುತ್ತೀ ಎಂದು ಸರ್ವರನ್ನೇ ಕೇಳುವ ಒಂದು ದಾರಿ ಇದೆ. ಕೇಳಿದೆ. ಅದು ಬೇರೊಂದು ಜಾಗ ತೋರಿಸಿತು. ಅದೇ ಹೆಸರಿನ ಇನ್ನೊಂದು ಕಡತ. ನಾನು ತಿದ್ದಿದ್ದು ಕೈಯಿಂದ ಟೈಪು ಮಾಡುವ ಆಜ್ಞೆಗಳಿಗೆ ಮೀಸಲಾದ ಕಡತ, ಸೈಟು ಓದುವುದು ಇದನ್ನು. ತೆರೆದೆ. ಇಲ್ಲಿಯೂ ಎರಡು. ಆದರೆ ಆ ಸಾಲಿನ ಮೇಲೆ ಕನ್ನಡದಲ್ಲಿ ಬರೆದಿತ್ತು. ಯಂತ್ರ ಓದದೆ ದಾಟಿ ಹೋಗುವ, ಮನುಷ್ಯರು ಮಾತ್ರ ಓದುವ ಟಿಪ್ಪಣಿ.

'ಎರಡು ಎಂಬುದು ಯಂತ್ರ ಬಂದಾಗಿನಿಂದ ತಾನೇ ಇದ್ದದ್ದು. ನಾವು ಇಟ್ಟದ್ದಲ್ಲ. ಎಷ್ಟು ಬೇಕಾದರೂ ಏರಿಸಬಹುದು. ಹೊಸ ಡಿಸ್ಕ್ ಬಂದ ಮೇಲೆ ಏರಿಸುವುದು.' ಅದರ ಕೆಳಗೆ ಇನ್ನೊಂದು ಸಾಲು: 'ಹೊಸ ಡಿಸ್ಕ್ ಬಂತು. ಇದನ್ನು ಏರಿಸುವುದು ಹೇಗೆಂದು ತಾರಾಗೆ ತೋರಿಸಿದ್ದೇನೆ. ನಾನು ಬದುಕಿರುವ ತನಕ ಕೈ ಹಚ್ಚಬೇಡ, ತಪ್ಪಿದರೆ ನಾನು ಬೈಯುತ್ತೇನೆ, ನನ್ನ ನಂತರ ಯಾರನ್ನೂ ಕೇಳದೆ ಏರಿಸು ಎಂದಿದ್ದೇನೆ. ಆಗಲಿ ಎಂದಿದ್ದಾಳೆ. ವಾ. ಮೂ.'

ನಾನು ಅದನ್ನು ಗಟ್ಟಿಯಾಗಿ ಓದಿದೆ. ತಾರಾಗೆ ತೋರಿಸಿದ್ದೇನೆ. ಎಂದು ತೋರಿಸಿದರು? ಈ ಕುರ್ಚಿಯಲ್ಲಿ ಕೂರಿಸಿಯೇ? ಆಗಲಿ ಎಂದೆನಂತೆ ನಾನು. ಮಾಸ್ತರರ ಹನ್ನೊಂದನೆಯ ದಿನ ಭೋಂಗಾ ಕೂಗಿದಾಗ ಅವರು ಕಲಿಸಿದ್ದೂ ಅವರ ಜೊತೆ ಹೋಯಿತು, ಯಾಕೆಂದರೆ ಅದು ಎರಡು ಎಂಬಿಯೊಳಗೆ ಇರಲಿಲ್ಲ. ಮಾತನ್ನು ನಡುವೆ ಕತ್ತರಿಸಿ, ಇಷ್ಟು ಸಾಕು ಬಿಡ್ರಿ ಎಂದವರು ಯಾರಿರಬಹುದು? ಈ ಊರಿನಲ್ಲಿ ಹಾಗೆನ್ನುವುದು ಒಬ್ಬಳೇ.

"ಅಂದ್ರ," ಎಂದರು ಬಸಲಿಂಗಪ್ಪ ನಿಧಾನವಾಗಿ, "ಇಷ್ಟ ವರ್ಷ ಊರ ಮಂದೀನೆಲ್ಲಾ ಕತ್ತರಿಸಿದ್ದು ಸುಮ್ಮಸುಮ್ಮನ ಏನ್ರಿ?"

ನನ್ನ ಅಪ್ಪನ ಕರಿ ಟೊಪ್ಪಿಗೆ ಕಣ್ಣ ಮುಂದೆ ಬಂತು. ಅವನು ಎಷ್ಟು ಎಂಬಿ ಇದ್ದನೋ.

"ಆಮ್ಯಾಲೆ ಅಳ್ರಿ ತಾರಕ್ಕಾ. ಹತ್ತೂ ನಲವತ್ತಾತು."

ಎರಡನ್ನು ಐನೂರು ಮಾಡಿದೆ. ನಿಲ್ಲಿಸಿ ಎಬ್ಬಿಸಿದೆ. ಅವರು ಒತ್ತಿದರು. ಈ ಸಲ ಕೆಂಪು ಅಕ್ಷರ ಬರಲಿಲ್ಲ. ಹಸಿರು ಪಟ್ಟಿ ಸರ್ರನೆ ತುದಿ ಮುಟ್ಟಿತು. ಇಬ್ಬರೂ ಉಸಿರು ಬಿಟ್ಟೆವು. ಆಮೇಲೆ ನೋಡಿದರೆ ಪುಟ ಖಾಲಿ. ಹೆಸರೂ ಇಲ್ಲ, ಫೈಲೂ ಇಲ್ಲ, ತಪ್ಪು ಏನಾಯಿತು ಎಂಬ ಮಾತೂ ಇಲ್ಲ, ಯಾರೂ ಬಂದೇ ಇರಲಿಲ್ಲವೇನೋ ಎಂಬಂತೆ. ಕೆಂಪು ಅಕ್ಷರಕ್ಕಿಂತ ಇದಕ್ಕೆ ಹೆಚ್ಚು ಭಯವಾಯಿತು. ಮತ್ತೆ ಕಡತದೊಳಗೆ ಹೊಕ್ಕು ಒಂದೊಂದೇ ಸಾಲು ಓದಿದೆ. ಕೆಳಗೆ ಬೇರೊಂದು ಮಿತಿ ಸಿಕ್ಕಿತು. ಫೈಲಿನದು ಒಂದು ಮಿತಿಯಾದರೆ, ಹೆಸರು ವಿಳಾಸ ಫೈಲು ಎಲ್ಲ ಸೇರಿದ ಇಡೀ ಗಂಟಿನದು ಇನ್ನೊಂದು. ಅದು ಎಂಟಿತ್ತು.

"ಕೊರಳ ಸಡ್ಲ ಮಾಡಿ ಭುಜ ಬಿಟ್ಟಿದ್ರಿ," ಎಂದರು ಬಸಲಿಂಗಪ್ಪ. ಅದನ್ನು ಐನೂರ ಇಪ್ಪತ್ತು ಮಾಡಿದೆ. ಹನ್ನೊಂದೂ ಐದು.

ಮೂರನೆಯ ಸಲ ಪಟ್ಟಿ ಹತ್ತರಲ್ಲೊಂದು ಪಾಲು ತೆವಳಿ ನಿಂತುಬಿಟ್ಟಿತು. ಮತ್ತೆ ಒತ್ತಿದರೆ ಮತ್ತೆ ಅಲ್ಲಿಗೇ. ಯಾಕೆಂದು ಕಡತದಲ್ಲಿ ಎಷ್ಟು ಹುಡುಕಿದರೂ ಹೊಳೆಯಲಿಲ್ಲ. ಬಸಲಿಂಗಪ್ಪ ಟೇಪನ್ನು ಬೆರಳಿಗೆ ಸುತ್ತುವುದು ಬಿಚ್ಚುವುದು ಮಾಡುತ್ತಿದ್ದರು. ಬೇರೆ ದಾರಿ ಕಾಣದೆ ನಾನು ಲಾಗ್ ತೆರೆದೆ. ಯಾರು ಯಾವಾಗ ಏನು ಏರಿಸಲು ಬಂದರು, ಒಳಗೆ ಹೋಯಿತೋ ಇಲ್ಲವೋ ಎಂದು ಯಂತ್ರ ತನ್ನಷ್ಟಕ್ಕೆ ತಾನು ಬರೆದುಕೊಳ್ಳುವ ಕಡತ ಅದು. ಹನ್ನೆರಡು ವರ್ಷ ಅದನ್ನು ಯಾರೂ ತೆರೆದಂತಿರಲಿಲ್ಲ. ಮಿತಿ ಎಂಬ ಪದ ಇರುವ ಸಾಲುಗಳನ್ನೆಲ್ಲ ತೋರಿಸು ಎಂದೆ. ಪರದೆ ತುಂಬಿ ಹರಿಯಿತು.

ಸಾವಿರಾರು ಸಾಲು. ದಿನ, ಹೊತ್ತು, ಕಳಿಸಿದವರ ಹೆಸರು, ಫೈಲಿನ ಹೆಸರು, ಎಷ್ಟು ಎಂಬಿ, ಕೊನೆಗೆ 'ಮಿತಿ ಮೀರಿದೆ, ತಿರಸ್ಕೃತ'. ಕಳಿಸಿದವರೆಲ್ಲ ನನಗೆ ಗೊತ್ತಿದ್ದವರೇ. ಫೈಲಿನ ಹೆಸರುಗಳಲ್ಲಿ ಅರ್ಧ ಗೊತ್ತು. ಅವರು ಮರುದಿನ ಎರಡು ಎಂಬಿಯಾಗಿ ಒಳಗೆ ಬಂದವರು. ಇನ್ನುಳಿದ ಹೆಸರುಗಳನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಹಿಟ್ಟಿನ ಗಿರಣಿಯ ಮಲ್ಲಸರ್ಜ ಯಾರೋ 'ಪುಟ್ಟಿ'ಯನ್ನು ಹದಿನಾಲ್ಕು ಸಲ ಕಳಿಸಿದ್ದ. ಮಲ್ಲಸರ್ಜನಿಗೆ ಮಕ್ಕಳಿಲ್ಲ. ಇಲ್ಲ ಎಂದು ಅವನೇ ಎಲ್ಲರಿಗೂ ಹೇಳುತ್ತಾನೆ.

ಬೆರಳು ತಡೆಯದೆ ಕೆಳಗೆ ಹೋಗುತ್ತಿತ್ತು. ಆರು ವರ್ಷದ ಹಿಂದಿನ ಒಂದು ಪುಟದಲ್ಲಿ ಕಳಿಸಿದವರ ಹೆಸರು ಮೇಲಿಂದ ಕೆಳತನಕ ಒಂದೇ ಇತ್ತು. ತಾರಾ, ತಾರಾ, ತಾರಾ, ತಾರಾ. ಫೈಲಿನ ಹೆಸರೂ ಒಂದೇ. 'ಚಂಪಕ-ಪೂರ್ತಿ'. ಮೂವತ್ತೊಂದು ಎಂಬಿ. ಮಿತಿ ಮೀರಿದೆ, ತಿರಸ್ಕೃತ.

ನನಗೆ ಏನೂ ನೆನಪಾಗಲಿಲ್ಲ. ಅದನ್ನು ಹೇಗೆ ಹೇಳಲಿ? ಒಂದು ಮುಖ, ಒಂದು ದನಿ, ಒಂದು ವಾಸನೆಯಾದರೂ ಬಂದೀತೆಂದು ಕಾದೆ. ಬರಲಿಲ್ಲ. ಮೇಜಿನ ತುದಿಯಲ್ಲಿ ಚಹಾದ ಲೋಟ ಬಸಲಿಂಗಪ್ಪ ಇಟ್ಟಲ್ಲೇ ಇತ್ತು. ಚುಕ್ಕಿಯ ಅಕ್ಷರಗಳು ನನ್ನ ಕಡೆಗೇ ತಿರುಗಿದ್ದವು.

"ತಾರಕ್ಕಾ? ಏನಾತ್ರಿ? ಹನ್ನೊಂದೂವರಿ ಆತು."

"ಏನಿಲ್ಲ," ಎಂದೆ. ಹೇಗೋ ಲಾಗಿನ ಕಟ್ಟಕಡೆಗೆ ಹೋದೆ. ಅಂದಿನ ಸಾಲು ಅಲ್ಲಿತ್ತು: ಅರವತ್ತು ಸೆಕೆಂಡಿನ ಮಿತಿ ಮೀರಿದೆ. ಅಷ್ಟೇ ವಿಷಯ. ಬಾಗಿಲು ದೊಡ್ಡದಾಗಿತ್ತು, ಆದರೆ ಒಂದು ನಿಮಿಷಕ್ಕೆ ಮುಚ್ಚಿಕೊಳ್ಳುತ್ತಿತ್ತು. ನಮ್ಮ ಲೈನಿನಲ್ಲಿ ಐವತ್ತೆಂಟು ಎಂಬಿ ಬರಲು ಹತ್ತು ನಿಮಿಷವಾದರೂ ಬೇಕು. ಹೊತ್ತಿನ ಮಿತಿಯ ಸಾಲು ಹುಡುಕಿ ಒಂದು ತಾಸು ಎಂದು ಬರೆದೆ. ಎರಡು ಸಲ ತಪ್ಪು ಟೈಪಾಗಿ ಸರ್ವರ್ ಏಳಲೇ ಇಲ್ಲ. ಮೂರನೆಯ ಸಲ ಎದ್ದಿತು. ಹನ್ನೊಂದೂ ನಲವತ್ತೆರಡು. ಬಸಲಿಂಗಪ್ಪ ಬೆರಳನ್ನು ಅಂಗಿಗೆ ಒರೆಸಿಕೊಂಡು ಒತ್ತಿದರು.

ಆಮೇಲೆ ಮಾಡುವುದೇನೂ ಇರಲಿಲ್ಲ. ಪಟ್ಟಿ ಹಿಂದೆ ನಿಂತ ಜಾಗ ದಾಟಿತು. ಮುಕ್ಕಾಲು ದಾಟಿತು. ಬಸಲಿಂಗಪ್ಪ ಪರದೆ ನೋಡಲಾರದೆ ಗೋಡೆಯ ಕಡೆ ತಿರುಗಿ ನಿಂತರು. "ಹೇಳಬ್ಯಾಡ್ರಿ, ಹೇಳಬ್ಯಾಡ್ರಿ," ಎನ್ನುತ್ತಿದ್ದರು. ಹನ್ನೊಂದೂ ಐವತ್ತಾರಕ್ಕೆ ಪುಟ ಬಂತು: ನೀಲವ್ವ ಸಿಂಪಿಗೇರ, ಐವತ್ತೆಂಟು ಎಂಬಿ, ಸ್ವೀಕೃತ. ನಾನು ಹೇಳಲು ಹೋಗದೆ ಅವರ ಭುಜ ಹಿಡಿದು ತಿರುಗಿಸಿ ತೋರಿಸಿದೆ.

ಭೋಂಗಾ ಕೂಗಿತು. ಆ ಸದ್ದಿಗೆ ನಾವಿಬ್ಬರೂ ಕಣ್ಣು ಮುಚ್ಚಿದ್ದೆವು. ನಿಂತ ಮೇಲೆ ನಾನು ಹೆದರಿ ಹೆದರಿ ಕೇಳಿದೆ, "ಏನಾರ ಐತೇನ್ರಿ?"

ಅವರ ತುಟಿ ಅಲುಗುತ್ತಿತ್ತು, ಲೆಕ್ಕ ಹಾಕುವವರಂತೆ. "ಮೂವತ್ತೊಂದನೇ ನಿಮಿಷಕ್ಕ ಸೂಜಿ ಹುಡುಕ್ತಾಳ್ರಿ ಆಕಿ. ನನಗ ಬೈತಾಳ, ಎಲ್ಲಿಟ್ಟಿ, ಎಲ್ಲಿಟ್ಟಿ ಅಂತ. ತುಟ್ಯಾಗ ಹಿಡಕೊಂಡಾಳ ಸೂಜಿ! ಅದಕ್ಕ ಮಾತು ತೊದಲ್ತದ. ಆಮ್ಯಾಲೆ ಸುಮ್ಮನ ಕೂಡ್ತಾಳ, ಏಳ ನಿಮಿಷ. ಎಲ್ಲಾ ಐತ್ರಿ." ಎಂದವರು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಸಿದು ಕೂತು ಟೇಪಿನಿಂದಲೇ ಕಣ್ಣೊರೆಸಿಕೊಂಡರು. ಮೂವತ್ತು ವರ್ಷದಲ್ಲಿ ಇನ್ನುಳಿದದ್ದೆಲ್ಲ ಹೋಗಿತ್ತು. ಆದರೆ ನಮ್ಮೂರಿನಲ್ಲಿ ಅಷ್ಟು ಉದ್ದದ ಹೆಂಡತಿ ಬೇರೆ ಯಾರಿಗೂ ಇರಲಿಲ್ಲ.

ನಾನು ಲಾಗಿಗೆ ಮರಳಿದೆ. ಎಣಿಸಿದೆ. ನಲವತ್ತೊಂದು ಸಲ ಕಳಿಸಿದ್ದೆ. ಮೊದಲ ದಿನ ಮೂರು, ಮರುದಿನ ಒಂಬತ್ತು, ಉಳಿದದ್ದೆಲ್ಲ ಹನ್ನೊಂದನೆಯ ದಿನ ಬೆಳಗ್ಗೆ. ಒಂದು ಸಲವೂ ಮೂವತ್ತೊಂದು ಎಂಬಿ ಮೂವತ್ತಾಗಿರಲಿಲ್ಲ. ಊರಿನವರನ್ನೆಲ್ಲ ಕತ್ತರಿಸಿದ ನಾನು ಆಕೆಯನ್ನು ಒಂದು ಚೂರೂ ಕತ್ತರಿಸಿರಲಿಲ್ಲ. ಕೊನೆಯ ಸಾಲು ಹನ್ನೊಂದು ಗಂಟೆ ಐವತ್ತೊಂಬತ್ತು ನಿಮಿಷಕ್ಕೆ. ನಾನು ಇದೇ ಕುರ್ಚಿಯಲ್ಲಿ ಕೂತಿದ್ದಿರಬೇಕು. ಪಾಸ್‌ವರ್ಡು ನನ್ನ ಹತ್ತಿರವೇ ಇತ್ತು. ಸೆಟ್ಟಿಂಗಿನ ಕಡತ ಎರಡು ಹೆಜ್ಜೆ ದೂರ, ಒಂದು ಅಂಕಿ ಬದಲಿಸಿದ್ದರೆ ಆಗುತ್ತಿತ್ತು. ಕೈ ಹಚ್ಚಬ್ಯಾಡ ಎಂಬ ಮಾತಿಗೆ ಹೆದರಿ, ಮುಚ್ಚಿದ ಬಾಗಿಲನ್ನು ನಲವತ್ತೊಂದು ಸಲ ತಟ್ಟಿ ಕೂತಿದ್ದೆ. ಮರುದಿನದ ಸಾಲೂ ಅಲ್ಲಿದೆ. ಬೆಳಗ್ಗೆ ಹತ್ತಕ್ಕೆ, ಯಾರದೋ ಮನೆಯ ಅಜ್ಜನನ್ನು ಅಚ್ಚುಕಟ್ಟಾಗಿ ಎರಡು ಎಂಬಿಗೆ ಇಳಿಸಿ ಒಳಗೆ ತೆಗೆದುಕೊಂಡಿದ್ದೇನೆ.

ಆಕೆ ನನಗೆ ಏನಾಗಬೇಕು? ಮಗಳೇ, ತಂಗಿಯೇ, ಹೆತ್ತವಳೇ? ಗೂಡಿನ ಚಪ್ಪಲಿಯ ಅಳತೆ ನನ್ನದಕ್ಕಿಂತ ಚಿಕ್ಕದು, ಅಷ್ಟು ಗೊತ್ತು. ಆ ಚಪ್ಪಲಿಯನ್ನು ಪ್ರತಿ ಹಬ್ಬಕ್ಕೆ ಧೂಳು ಒರೆಸಿ ಮತ್ತೆ ಇಡುತ್ತೇನೆ, ಯಾಕೆ ಎಂದು ಒಂದು ದಿನವೂ ಕೇಳಿಕೊಂಡವಳಲ್ಲ. ಹೊಸ ಪುಟ ತೆರೆದು ಹೆಸರಿನ ಜಾಗದಲ್ಲಿ ಚಂಪಕ ಎಂದು ಬರೆದೆ. ಐನೂರು ಎಂಬಿ ಖಾಲಿ ಇತ್ತು. ಲಾಗಿನ ಆ ನಲವತ್ತೊಂದು ಸಾಲು ಹಾಕಿದೆ. ಅದು ಒಂದು ಎಂಬಿಯ ಮೂಲೆಯನ್ನೂ ತುಂಬಲಿಲ್ಲ. ಒತ್ತಿದೆ. ಸ್ವೀಕೃತ ಎಂದಿತು. ಕಾದೆ. ಆರು ವರ್ಷ ತಡವಾದದ್ದು ಊರಿಗೆ ಹತ್ತುವುದಿಲ್ಲ, ಅದು ನನಗೆ ಗೊತ್ತಿದ್ದದ್ದೇ. ಆದರೂ ಕಾದೆ.

ಹೊರಗೆ ಕಟ್ಟೆಯ ಹತ್ತಿರ ನಾಲ್ಕೈದು ಮಂದಿ ಸೇರಿದ್ದರು. ಐವತ್ತೆಂಟು ಎಂಬಿಯ ಸುದ್ದಿ ಆಗಲೇ ಹಬ್ಬಿತ್ತು. ಹಿಟ್ಟಿನ ಗಿರಣಿಯ ಮಲ್ಲಸರ್ಜನೂ ಇದ್ದ, ಮೈಮೇಲೆ ಹಿಟ್ಟು ಹಾಗೇ ಇತ್ತು. ಹೌದೇನ್ರಿ ತಾರಕ್ಕಾ, ಮಿತಿ ಸುಳ್ಳಂತಲ್ಲ, ಎಂದು ನಗುತ್ತ ಕೇಳಿದ. ಅವನಿಗೆ ಹದಿನಾಲ್ಕು ಸಾಲು ತೋರಿಸಬೇಕಾಗಿತ್ತು. ತೋರಿಸುವ ಮೊದಲು ಒಂದು ಲೋಟ ಚಹಾ ಮಾಡಿ ಕೊಡೋಣ ಎಂದು ಎದ್ದೆ, ಆ ಲೋಟವನ್ನೇ ತೊಳೆದೆ. ಅವನು ಕೈಗೆ ತೆಗೆದುಕೊಂಡು, ಬಿಸಿ ಎಂದು ಅಂಚು ಹಿಡಿದು ತಿರುಗಿಸಿದ.

"ಚಂಪಕ," ಎಂದು ಓದಿದ. ಓದಬಾರದಿತ್ತು ಎಂದು ನಾಲಿಗೆ ಕಚ್ಚಿಕೊಂಡ. "ಯಾರದೋ, ಅಲ್ರೀ?"

"ಅಲ್ಲ," ಎಂದೆ. "ನಮ್ಮಾಕಿ."